ಮೂರು ಮೂಲೆಯ ಎಂಜಿನ್

ಮಾಮೂಲಿ ಎಂಜಿನ್‌ನಲ್ಲಿ ಪಿಸ್ಟನ್ ಮೇಲೆ ಹೋಗುತ್ತದೆ, ಕ್ಷಣ ನಿಲ್ಲುತ್ತದೆ, ಕೆಳಗೆ ಬರುತ್ತದೆ. ಆದರೆ ಗಾಡಿಯ ಚಕ್ರಕ್ಕೆ ಬೇಕಿರುವುದು ತಿರುಗುವುದು ಮಾತ್ರ. ಹಾಗಾದರೆ ಈ ಕುಣಿತ ಯಾಕೆ, ಮೊದಲಿನಿಂದಲೇ ತಿರುಗಿಸಿದರಾಯ್ತು ಅಲ್ವಾ? ಜರ್ಮನಿಯ ಫೆಲಿಕ್ಸ್ ವಾಂಕೆಲ್ ತಲೆಗೆ ಹೊಕ್ಕಿದ್ದು ಇದೇ ಹುಳ. 1957ರಲ್ಲಿ ಎನ್‌ಎಸ್‌ಯು ಕಂಪನಿಯಲ್ಲಿ ಅವರ ಎಂಜಿನ್ ಓಡಿಯೇಬಿಟ್ಟಿತು.

ನಡು ಒಂಚೂರು ಒತ್ತಿದ ಮೊಟ್ಟೆಯಂಥ ಗೂಡು. ಅದರೊಳಗೆ ಬದಿ ಉಬ್ಬಿದ ತ್ರಿಕೋನದ ರೋಟರ್. ರೋಟರ್ ತಿರುಗಿದಂತೆ ಅದಕ್ಕೂ ಗೋಡೆಗೂ ನಡುವಿನ ಮೂರು ಜಾಗಗಳು ಹಿಗ್ಗುತ್ತವೆ, ಕುಗ್ಗುತ್ತವೆ. ಒಂದು ಕಡೆ ಗಾಳಿ-ಪೆಟ್ರೋಲ್ ಒಳಗೆ ಬರುವಾಗ ಇನ್ನೊಂದು ಕಡೆ ಉರಿ, ಮತ್ತೊಂದು ಕಡೆ ಹೊಗೆ ಹೊರಗೆ. ವಾಲ್ವ್‌ಗಳೇ ಇಲ್ಲ. ಗೋಡೆಯ ಕಿಂಡಿಗಳನ್ನು ರೋಟರ್ ತಾನೇ ತೆರೆದು ಮುಚ್ಚುತ್ತದೆ. ಹಾಗಾಗಿ ಎಂಜಿನ್ ಪುಟ್ಟದು, ಹಗುರ, ನಡುಕವೂ ಕಡಿಮೆ. 1991ರಲ್ಲಿ ಫ್ರಾನ್ಸಿನ ಲೆ ಮಾನ್‌ನ 24 ಗಂಟೆಯ ರೇಸ್ ಗೆದ್ದ, ಜಪಾನಿನ ಮಜ್ದಾ ಕಂಪನಿಯ 787ಬಿ ಕಾರಿನಲ್ಲಿ ಇದ್ದದ್ದು ಇಂಥದ್ದೇ, ನಾಲ್ಕು ರೋಟರ್‌ನ 2.6 ಲೀಟರ್ ಎಂಜಿನ್.

ತಕರಾರು ಇರುವುದು ರೋಟರ್‌ನ ಆ ಮೂರು ಮೂಲೆಗಳಲ್ಲಿ. ಒಂದು ಜಾಗದ ಅನಿಲ ಪಕ್ಕದ ಜಾಗಕ್ಕೆ ಸೋರದಂತೆ ತಡೆಯುವುದು ಪ್ರತಿ ಮೂಲೆಯಲ್ಲಿ ಕೂರಿಸಿದ ತೆಳ್ಳಗಿನ ಒಂದು ಪಟ್ಟಿ. ಎಂಜಿನ್ ಓಡುವಷ್ಟು ಹೊತ್ತೂ ಅದು ಗೋಡೆಯನ್ನು ಉಜ್ಜುತ್ತಲೇ ಇರಬೇಕು. ಮಜ್ದಾದ ಮೊದಲ ಪ್ರಯೋಗಗಳಲ್ಲಿ ಈ ಪಟ್ಟಿ ಅದುರಿ, ಗೋಡೆಯ ಮೇಲೆ ಸಾಲುಸಾಲು ಗೀರು ಬಿದ್ದವು. ಎಂಜಿನಿಯರ್‌ಗಳು ಅದಕ್ಕೆ ಇಟ್ಟ ಹೆಸರು ‘ದೆವ್ವದ ಉಗುರಿನ ಗುರುತು’! ಪಟ್ಟಿಗೆ ಬರೀ ಲೋಹದ ಬದಲು ಅಲ್ಯೂಮಿನಿಯಂ ಬೆರೆತ ಕಾರ್ಬನ್ ಬಳಸಿ ಗೆದ್ದರು. 1967ರಲ್ಲಿ ಮಜ್ದಾದ ಕಾಸ್ಮೋ ಸ್ಪೋರ್ಟ್ ಕಾರು ಈ ಎಂಜಿನ್‌ನೊಂದಿಗೆ ಮಾರಾಟಕ್ಕೆ ಬಂತು. ಅದೇ ವರ್ಷ ಬಂದ ಎನ್‌ಎಸ್‌ಯು ಕಂಪನಿಯ ಆರ್‌ಒ 80 ಕಾರಿಗೆ ಮಾತ್ರ ಆ ಅದೃಷ್ಟ ಇರಲಿಲ್ಲ. ದಾರಿಯಲ್ಲಿ ಎದುರಾದ ಅದರ ಮಾಲೀಕರು, ಎಷ್ಟು ಎಂಜಿನ್ ಬದಲಾಯಿಸಿದ್ದೇವೆ ಅಂತ ಬೆರಳೆತ್ತಿ ತೋರಿಸಿಕೊಳ್ಳುತ್ತಿದ್ದರು ಅನ್ನೋ ಜೋಕ್ ಹುಟ್ಟಿಕೊಂಡಿತು.

ಪಟ್ಟಿ ಸುಧಾರಿಸಿದರೂ ಎಂಜಿನ್‌ನ ಪೆಟ್ರೋಲ್ ಹಸಿವು ಇಳಿಯಲಿಲ್ಲ. ಉರಿಯುವ ಜಾಗ ಉದ್ದ, ಚಪ್ಪಟೆ. ಜ್ವಾಲೆ ಆ ತುದಿ ಮುಟ್ಟುವುದರೊಳಗೆ ಗೋಡೆ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ. ಸ್ವಲ್ಪ ಪೆಟ್ರೋಲ್ ಸುಮ್ನೆ ಹೊಗೆಕೊಳವೆ ಪಾಲು. ಮೂಲೆಯ ಪಟ್ಟಿ ಸವೆಯದಿರಲು ಒಳಗೆ ಬಿಡುವ ಆಯಿಲ್ ಕೂಡ ಉರಿದುಹೋಗುತ್ತದೆ. 1973ರ ತೈಲ ಬಿಕ್ಕಟ್ಟಿನಲ್ಲಿ ಪೆಟ್ರೋಲ್ ಜಾಸ್ತಿ ಕುಡಿಯುವ ಕಾರು ಯಾರಿಗೆ ಬೇಕು? ನನ್ನ ಪ್ರಕಾರ ಇದು ಕೈಕೆಲಸದ ದೋಷವಲ್ಲ, ಆಕಾರದ್ದೇ ದೋಷ. ಅದನ್ನು ತಿದ್ದುವುದು ಕಷ್ಟ.

2023ರಲ್ಲಿ ಮಜ್ದಾ ಇದಕ್ಕೆ ಬೇರೆ ಕೆಲಸ ಹುಡುಕಿತು. ಎಂಎಕ್ಸ್-30 ಕಾರಿನ ಒಂದು ಮಾದರಿಯಲ್ಲಿ ಚಕ್ರ ತಿರುಗಿಸುವುದು ವಿದ್ಯುತ್ ಮೋಟಾರ್. ಒಂದೇ ರೋಟರ್‌ನ 830 ಸಿಸಿ ಎಂಜಿನ್ ಆ ಮೋಟಾರಿನ ಪಕ್ಕದಲ್ಲೇ ಅಡಗಿ ಕೂತು, ಬೇಕಾದಾಗ ಎದ್ದು ಕರೆಂಟ್ ತಯಾರಿಸುತ್ತದೆ.