ಮೈಮುರಿದು ದುಡಿದರೆ ಅದು ವ್ಯಾಯಾಮ ಆಗುತ್ತಾ?

ಇಡೀ ಸಮುದಾಯದ ಆರೋಗ್ಯವನ್ನು ನೋಡುವ ಕಮ್ಯುನಿಟಿ ಮೆಡಿಸಿನ್‌ನಲ್ಲಿ ಈ ಪಾಠ ಸಾಮಾನ್ಯವಾಗಿ ಲಂಡನ್ ಬಸ್ಸಿನಿಂದಲೇ ಶುರುವಾಗುತ್ತದೆ. ಬ್ರಿಟನ್ನಿನ ವೈದ್ಯ-ಸಂಶೋಧಕ ಜೆರ್ರಿ ಮಾರಿಸ್ ಮತ್ತು ಜೊತೆಗಾರರು 1953ರಲ್ಲಿ ‘ಲ್ಯಾನ್ಸೆಟ್’ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬರೆದದ್ದು ಇಷ್ಟು: ದಿನವಿಡೀ ಕೂತೇ ಇರುವ ಡ್ರೈವರ್‌ಗಳಿಗಿಂತ, ಟಿಕೆಟ್ ಕೊಡಲು ಡಬಲ್ ಡೆಕ್ಕರ್ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ ಕಂಡಕ್ಟರ್‌ಗಳಿಗೆ ಹೃದಯದ ಕಾಯಿಲೆ ಕಡಿಮೆ. ಓಡಾಡುವ ಕೆಲಸ ಒಳ್ಳೇದು ಅಂತ ಇದರಿಂದ ಅನ್ನಿಸಿತು.

ಆದರೆ ಅದೇ ತಂಡ 1956ರಲ್ಲಿ ಬಸ್ ನೌಕರರ ಯೂನಿಫಾರ್ಮ್ ಅಳತೆಗಳ ಲೆಕ್ಕ ನೋಡಿತು. ಡ್ರೈವರ್‌ಗಳ ಪ್ಯಾಂಟಿನ ಸೊಂಟದ ಅಳತೆ ಜಾಸ್ತಿ ಇತ್ತು, ಅದೂ ಇನ್ನೂ ಚಿಕ್ಕ ವಯಸ್ಸಿನ ಡ್ರೈವರ್‌ಗಳಲ್ಲೇ! ಅಂದರೆ ಸೀಟಿನಲ್ಲಿ ಕೂತು ಕೂತು ದಪ್ಪ ಆದರೋ, ಅಥವಾ ಮೊದಲೇ ದಪ್ಪ ಇದ್ದವರು ಆ ಕೆಲಸಕ್ಕೆ ಹೋದರೋ? ಈ ಪ್ರಶ್ನೆಯನ್ನು ತಲೆಯಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

2018ರಲ್ಲಿ 17 ಅಧ್ಯಯನಗಳನ್ನು, ಸುಮಾರು 1.93 ಲಕ್ಷ ಜನರನ್ನು ಒಟ್ಟು ಸೇರಿಸಿ ನೋಡಿದಾಗ ಉಲ್ಟಾ ಬಂತು. ಭಾರದ ಕೆಲಸ ಮಾಡುವ ಗಂಡಸರಲ್ಲಿ ಬೇಗ ಸಾಯುವ ಅಪಾಯ 18% ಜಾಸ್ತಿ. ಹೆಂಗಸರಲ್ಲಿ ಹಾಗೆ ಕಾಣಲಿಲ್ಲ. ಈ 18% ಅಂದರೆ ನೂರಕ್ಕೆ ಹದಿನೆಂಟು ಜನ ಸತ್ತರು ಅಂತಲ್ಲ. ಹಗುರ ಕೆಲಸದವರಲ್ಲಿ ಸಾವಿರಕ್ಕೆ 50 ಸಾವು ಅಂದುಕೊಂಡರೆ, ಭಾರದ ಕೆಲಸದವರಲ್ಲಿ ಹೆಚ್ಚುಕಮ್ಮಿ 59. 2021ರಲ್ಲಿ ಕೋಪನ್‌ಹೇಗನ್‌ನ 1,04,046 ಜನರ ಅಧ್ಯಯನವೂ ಇದನ್ನೇ ಹೇಳಿತು: ಬಿಡುವಿನಲ್ಲಿ ಮೈ ಆಡಿಸಿದರೆ ಅಪಾಯ ಇಳಿಯುತ್ತೆ, ಕೆಲಸದಲ್ಲಿ ಆಡಿಸಿದರೆ ಏರುತ್ತೆ.

ಯಾಕೆ? ಅರ್ಧ ಗಂಟೆ ಓಡಿದರೆ ಹೃದಯ ಜೋರಾಗಿ ಬಡಿದು ಆಮೇಲೆ ಸುಧಾರಿಸಿಕೊಳ್ಳುತ್ತದೆ. ಎಂಟು ಗಂಟೆ ಮೂಟೆ ಹೊತ್ತರೆ ಹಾಗಲ್ಲ. ಬಡಿತ ದಿನವಿಡೀ ಸ್ವಲ್ಪ ಏರಿಯೇ ಇರುತ್ತೆ, ಉಸಿರು ಬಿಗಿಹಿಡಿದು ಎತ್ತಿದಾಗೆಲ್ಲ ಬಿಪಿ ಏರುತ್ತೆ, ಮತ್ತೆ ಬೆಳಗಾಗುವಷ್ಟರಲ್ಲಿ ಮೈ ಪೂರ್ತಿ ಸುಧಾರಿಸಿರೋದಿಲ್ಲ. ಸಾಕು ಅನ್ನಿಸಿದಾಗ ನಿಲ್ಲಿಸೋ ಸ್ವಾತಂತ್ರ್ಯವೂ ಇಲ್ಲ.

ಆದರೆ ಇದನ್ನು ಸುಮ್ನೆ ಬಾಯಿಪಾಠ ಮಾಡಬೇಡಿ. ಭಾರದ ಕೆಲಸ ಮಾಡುವವರಲ್ಲಿ ಬಡತನ, ಧೂಮಪಾನ ಜಾಸ್ತಿ, ಓದು ಕಡಿಮೆ. ಅದೇ 2021ರಲ್ಲಿ ನಾರ್ವೆಯ 4.37 ಲಕ್ಷ ಜನರ ಲೆಕ್ಕದಲ್ಲಿ ಇಂಥ ಅಂಶಗಳನ್ನೆಲ್ಲ ಸರಿಹೊಂದಿಸಿದ (ಅಂದರೆ ಅವುಗಳ ಪ್ರಭಾವವನ್ನು ಲೆಕ್ಕದಲ್ಲಿ ಬೇರೆ ಮಾಡಿದ) ಮೇಲೆ, ಓಡಾಡುವ ಮತ್ತು ಭಾರದ ಕೆಲಸದ ಗಂಡಸರು ಕೂತು ಕೆಲಸ ಮಾಡುವವರಿಗಿಂತ ಸ್ವಲ್ಪ ಜಾಸ್ತಿಯೇ ಬದುಕಿದ್ದರು! ಇನ್ನೊಂದು ತಾಪತ್ರಯ ಎದುರು ದಿಕ್ಕಿನದು: ಕಾಯಿಲೆ ಬಿದ್ದವನು ಭಾರದ ಕೆಲಸ ಬಿಟ್ಟು ಹಗುರದ್ದಕ್ಕೆ ಹೋಗುತ್ತಾನೆ, ಅವನ ಸಾವು ಹಗುರ ಕೆಲಸದ ಲೆಕ್ಕಕ್ಕೆ ಬೀಳುತ್ತೆ. ಪ್ಯಾಂಟಿನ ಪ್ರಶ್ನೆಯೂ ಇದೇ ಜಾತಿಯದು ಅಲ್ವಾ?

ನನ್ನ ಅಭಿಪ್ರಾಯ ಹೇಳೋದಾದರೆ, ‘ಭಾರದ ಕೆಲಸ’ ಅನ್ನೋ ಒಂದೇ ಡಬ್ಬಕ್ಕೆ ಎಲ್ಲವನ್ನೂ ತುರುಕೋದೇ ಅರ್ಧ ಗೊಂದಲ. ಕಂಡಕ್ಟರ್ ಮೆಟ್ಟಿಲು ಹತ್ತೋದು ಬೇರೆ, ಮೂಟೆ ಎತ್ತೋದು ಬೇರೆ.

ಹಾಗಾಗಿ ನಮ್ಮ ಎಪಿಎಂಸಿ ಯಾರ್ಡಿನ ಹಮಾಲರಿಗೆ ಆ 18% ನೇರವಾಗಿ ಅಂಟಿಸಬೇಡಿ. ಒಬ್ಬ ಗಂಡಾಳು ಹೊರುವ ಭಾರ 55 ಕೆಜಿ ಮೀರಬಾರದು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ (ಐಎಲ್‌ಒ) 1967ರಲ್ಲೇ ಶಿಫಾರಸು ಮಾಡಿದೆ. ಆದರೆ ಮೂಟೆಗೆ ಇಷ್ಟು ಅಂತ ಕೂಲಿ ಇರುವ ಕಡೆ ದಿನಕ್ಕೆ ಎಷ್ಟು ಮೂಟೆ ಅನ್ನೋದೂ ಮುಖ್ಯ, ಕೂತು ಸುಧಾರಿಸಿಕೊಂಡಷ್ಟು ಹೊತ್ತು ಅವರಿಗೆ ಕೂಲಿ ಇಲ್ಲ.