ಉಬುಂಟು ತೆಗೆದ ಮೇಲೆ ಕಪ್ಪು ಪರದೆ ಯಾಕೆ?

ಹೋದ ವಾರ ರಾತ್ರಿ ಹತ್ತೂವರೆಗೆ ಅಕ್ಕನ ಮಗಳು ಫೋನ್ ಮಾಡಿದಳು. "ಮಾಮ, ಲ್ಯಾಪ್‌ಟಾಪ್ ಹೋಯ್ತು" ಎಂದಳು. ದನಿಯಲ್ಲಿ ಅಳು. ವಿಂಡೋಸ್ ಜೊತೆಗೆ ಉಬುಂಟು ಅನ್ನೋ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಕೂಡ ಹಾಕಿಕೊಂಡಿದ್ದಳು. ಸೆಮಿಸ್ಟರ್ ಮುಗಿಯಿತು, ಜಾಗ ಸಾಲುತ್ತಿಲ್ಲ ಅಂತ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಉಬುಂಟು ಪಾರ್ಟಿಷನ್ (ಡಿಸ್ಕಿನಲ್ಲಿ ಅದಕ್ಕೆಂದು ಬೇರ್ಪಡಿಸಿದ ಭಾಗ) ಡಿಲೀಟ್ ಮಾಡಿದ್ದಳು. ಮತ್ತೆ ಆನ್ ಮಾಡಿದರೆ ಕಪ್ಪು ಪರದೆ. ಅದರ ಮೇಲೆ 'ಗ್ರಬ್' ಅನ್ನೋ ಪದ, ಪಕ್ಕದಲ್ಲಿ ಮಿಣುಕುವ ಗೆರೆ. ರಿಪೇರಿ ಅಂಗಡಿಯವರು "ವೈರಸ್ ಇರಬೇಕು, ಪೂರ್ತಿ ಫಾರ್ಮ್ಯಾಟ್ ಮಾಡಬೇಕು" ಅಂದರಂತೆ.

ಈ ಮಾತು ಕೇಳಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. ಎಷ್ಟು ಜನರ ಫೋಟೋ, ಪ್ರಾಜೆಕ್ಟು ಹೀಗೆ ಸುಮ್ನೆ ಅಳಿಸಿಹೋಗಿವೆಯೋ! ಇದು ವೈರಸ್ ಅಲ್ಲ. ಡಿಸ್ಕ್ ಕೂಡ ಕೆಟ್ಟಿಲ್ಲ.

ಕಂಪ್ಯೂಟರ್ ಆನ್ ಆದ ಕ್ಷಣ ಅದರ ಮೆಮೊರಿ ಖಾಲಿ. ಆಪರೇಟಿಂಗ್ ಸಿಸ್ಟಮ್ ಡಿಸ್ಕಿನಲ್ಲಿದೆ. ಅದನ್ನು ಎತ್ತಿ ತರಲು ಒಂದು ಪ್ರೋಗ್ರಾಂ ಬೇಕು. ಆ ಪ್ರೋಗ್ರಾಂ ಎಲ್ಲಿಂದ ಬರಬೇಕು? ಹಾಲು ಮೊಸರಾಗಲು ಮೊದಲೇ ಒಂದು ಚಮಚ ಮೊಸರು ಬೇಕು, ಅಲ್ವಾ? ಹಾಗೆ ಮದರ್‌ಬೋರ್ಡಿನ ಚಿಪ್ಪಿನಲ್ಲಿ ಸ್ವಲ್ಪ ಹೆಪ್ಪು ಇಟ್ಟಿರುತ್ತಾರೆ. ಅದು ಡಿಸ್ಕಿನಿಂದ ಇನ್ನೊಂದು ಸಣ್ಣ ಪ್ರೋಗ್ರಾಮನ್ನು ಎಬ್ಬಿಸುತ್ತದೆ, ಅದು ದೊಡ್ಡದನ್ನು ಎಬ್ಬಿಸುತ್ತದೆ.

ಈ ಹೆಪ್ಪಿನ ಕಥೆ ನನಗೆ ಬಹಳ ಇಷ್ಟ. 1983ರಲ್ಲಿ ಐಬಿಎಂ 10 ಎಂಬಿ ಹಾರ್ಡ್ ಡಿಸ್ಕ್ ಇರುವ ಪಿಸಿ ಎಕ್ಸ್‌ಟಿ ತಂದಿತು. ಡಿಸ್ಕಿನ ಮೊಟ್ಟಮೊದಲ 512 ಬೈಟ್ ಬೂಟ್‌ಗೆ, ಅಂದರೆ ಸಿಸ್ಟಮ್ ಎಬ್ಬಿಸುವ ಕೆಲಸಕ್ಕೆ, ಮೀಸಲಾಯಿತು. ಅದರಲ್ಲಿ 64 ಬೈಟ್ ನಾಲ್ಕು ಪಾರ್ಟಿಷನ್‌ಗಳ ಪಟ್ಟಿಗೆ, 2 ಬೈಟ್ ಗುರುತಿಗೆ. ಪ್ರೋಗ್ರಾಮಿಗೆ ಉಳಿದದ್ದು 446. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಈಗಿನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. ಅಂದರೆ ಈ ಪ್ಯಾರಾದ ಅರ್ಧವೂ ಆ ಜಾಗದಲ್ಲಿ ಹಿಡಿಸದು! ದಶಕಗಳ ಕಾಲ ಲೋಕದ ಪಿಸಿಗಳೆಲ್ಲ ಆ ಕಿರುಜಾಗದಿಂದಲೇ ಎದ್ದವು. ಆದರೆ ಅಲ್ಲಿ ಒಬ್ಬರಿಗೇ ಜಾಗ. ಲಿನಕ್ಸ್ ಆದಮೇಲೆ ವಿಂಡೋಸ್ ಹಾಕಿದರೆ ಲಿನಕ್ಸ್‌ನ ಬೂಟ್ ಪ್ರೋಗ್ರಾಂ ಅಳಿದುಹೋಗುತ್ತಿತ್ತು.

ಈಗಿನ ಲ್ಯಾಪ್‌ಟಾಪ್‌ಗಳ ಚಿಪ್ಪಿನಲ್ಲಿರುವ ಹೆಪ್ಪಿನ ಹೆಸರು ಯುಇಎಫ್‌ಐ. ಡಿಸ್ಕಿನಲ್ಲಿ ಇಎಫ್‌ಐ ಅಂತ ಒಂದು ಪುಟ್ಟ ಪಾರ್ಟಿಷನ್ ಇದೆ, ಅದರಲ್ಲಿ ಒಂದೊಂದು ಸಿಸ್ಟಮ್‌ಗೂ ಒಂದೊಂದು ಫೋಲ್ಡರ್. ಯಾರನ್ನು ಮೊದಲು ಕರೆಯಬೇಕೆಂಬ ಪಟ್ಟಿ ಮದರ್‌ಬೋರ್ಡಿನಲ್ಲಿ. ಉಬುಂಟು ಹಾಕಿದಾಗ ಅದು ಮೂರು ಕಡೆ ಕೂರುತ್ತದೆ. ಸಿಸ್ಟಮ್ ತನ್ನ ಪಾರ್ಟಿಷನ್‌ನಲ್ಲಿ, ಅದರ ಬೂಟ್ ಪ್ರೋಗ್ರಾಂ ಗ್ರಬ್ ಇಎಫ್‌ಐ ಫೋಲ್ಡರಿನಲ್ಲಿ, ಹೆಸರು ಪಟ್ಟಿಯ ಮೇಲ್ತುದಿಯಲ್ಲಿ. ನಮ್ಮ ಹುಡುಗಿ ಅಳಿಸಿದ್ದು ಮೊದಲನೆಯದನ್ನು ಮಾತ್ರ. ಮನೆ ಕೆಡವಿದ್ದಾಯಿತು, ಕಾವಲುಗಾರ ಗೇಟಿನಲ್ಲೇ ನಿಂತಿದ್ದಾನೆ. ಅಂಚೆಯಣ್ಣನ ಪಟ್ಟಿಯಲ್ಲೂ ಆ ವಿಳಾಸವೇ ಮೊದಲು. ಯಾವ ಸಿಸ್ಟಮ್ ಬೇಕೆಂದು ಕೇಳುವ ಮೆನು ಎಲ್ಲಿದೆ ಎಂದು ಗ್ರಬ್ ಹುಡುಕುತ್ತದೆ, ಸಿಗುವುದಿಲ್ಲ. "ಈಗೇನು ಮಾಡಲಿ?" ಎಂದು ನಿಮ್ಮನ್ನೇ ಕೇಳುತ್ತದೆ. ಆ ಮಿಣುಕುವ ಗೆರೆ ಅದೇ ಪ್ರಶ್ನೆ.

"ಎಕ್ಸಿಟ್ ಅಂತ ಟೈಪ್ ಮಾಡಿ ಎಂಟರ್ ಒತ್ತು" ಎಂದೆ. ಗ್ರಬ್ ಪಕ್ಕಕ್ಕೆ ಸರಿಯಿತು. ಪಟ್ಟಿಯಲ್ಲಿ ಮುಂದಿನ ಹೆಸರು ವಿಂಡೋಸ್. "ಮಾಮ, ಬಂತು!"

ತೆಗೆಯುವಾಗ ಕ್ರಮ ಹೀಗಿರಲಿ. ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಇದ್ದರೆ ಅದರ 48 ಅಂಕಿಯ ರಿಕವರಿ ಕೀ ಮೊದಲು ಬರೆದಿಟ್ಟುಕೊಳ್ಳಿ. ಬೂಟ್ ಕ್ರಮ ಬದಲಾದರೆ ಅದು ಕೇಳುವ ಸಂಭವವಿದೆ. ಬಯೋಸ್ ಸೆಟಪ್‌ನಲ್ಲಿ (ಯುಇಎಫ್‌ಐ ಸೆಟ್ಟಿಂಗ್ಸ್‌ಗೆ ಜನ ಹೇಳುವ ಹೆಸರು) ವಿಂಡೋಸ್ ಬೂಟ್ ಮ್ಯಾನೇಜರನ್ನು ಮೇಲಕ್ಕೆ ತನ್ನಿ. ಅದಾದ ಮೇಲೆ ಲಿನಕ್ಸ್ ಪಾರ್ಟಿಷನ್ ಅಳಿಸಿ. ಇಎಫ್‌ಐ ಪಾರ್ಟಿಷನ್ ಅಳಿಸಲೇಬೇಡಿ, ವಿಂಡೋಸ್ ಏಳುವುದೂ ಅಲ್ಲಿಂದಲೇ. ಅದರೊಳಗಿನ ಉಬುಂಟು ಫೋಲ್ಡರ್ ಮಾತ್ರ ಕೊನೆಗೆ ತೆಗೆಯಿರಿ. ಖಾಲಿ ಜಾಗ ಸಿ ಡ್ರೈವಿನ ಬಲಕ್ಕೆ ಅಂಟಿಕೊಂಡಿದ್ದರೆ ಅದಕ್ಕೇ ಸೇರಿಸಬಹುದು.

ಐದು ನಿಮಿಷ ಬಿಟ್ಟು ಮತ್ತೆ ಫೋನ್. "ಮಾಮ, ಗಡಿಯಾರ ಸಂಜೆ ಐದೂಕಾಲು ತೋರಿಸ್ತಿದೆ!" ನಮ್ಮ ಮನೆಯಲ್ಲಿ ಹತ್ತೂಮುಕ್ಕಾಲು. ಲಿನಕ್ಸ್ ಲ್ಯಾಪ್‌ಟಾಪಿನ ಒಳಗಿನ ಗಡಿಯಾರಕ್ಕೆ ಯುಟಿಸಿ (ಜಗತ್ತಿನ ಪ್ರಮಾಣಿತ) ಸಮಯ ಬರೆದಿಡುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯ ಅಂದುಕೊಳ್ಳುತ್ತದೆ. ನಮ್ಮಲ್ಲಿ ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆ. "ವೈಫೈ ಹಾಕಿ ಸಿಂಕ್ ನೌ ಒತ್ತು ಪುಟ್ಟಿ" ಎಂದೆ.