ಸಾಕ್ಷಿಯ ಮುಖ ಕಾಣದ ನ್ಯಾಯಾಲಯ

“ನಾನು ಸುಳ್ಳು ಸಾಕ್ಷ್ಯ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ.” ಕರ್ನಾಟಕದ ಸೆಷನ್ಸ್ ನ್ಯಾಯಾಲಯದ ಕಡತ ಬಿಡಿಸಿದರೆ ಪಾಟೀಸವಾಲಿನ ಕೊನೆಗೆ ಇಂಥದೊಂದು ವಾಕ್ಯ ಕಣ್ಣಿಗೆ ಬೀಳುತ್ತದೆ. ಲೋಕದಲ್ಲಿ ಯಾರೂ ಹೀಗೆ ಮಾತಾಡುವುದಿಲ್ಲ. ‘ನೀನು ಹೇಳುತ್ತಿರುವುದು ಸುಳ್ಳು’ ಎಂದು ವಕೀಲರು ಗದರಿರುತ್ತಾರೆ, ಸಾಕ್ಷಿ ‘ಇಲ್ಲ ಸ್ವಾಮಿ’ ಎಂದಿರುತ್ತಾನೆ. ಪ್ರಶ್ನೆಯನ್ನೂ ಉತ್ತರವನ್ನೂ ಬೆಸೆದು ಬರೆದುಕೊಂಡಾಗ ಹುಟ್ಟಿದ ವಾಕ್ಯ ಇದು. ಅವನು ತಟ್ಟನೆ ಹೇಳಿದನೇ, ಗಂಟಲು ಸರಿಮಾಡಿಕೊಂಡು ಹೇಳಿದನೇ, ಹೇಳುವ ಮುನ್ನ ಆರೋಪಿಯ ಕಡೆ ನೋಡಿದನೇ ಎಂಬುದು ಕಾಗದದಲ್ಲಿ ಉಳಿಯುವುದಿಲ್ಲ.

ಮೇಲ್ಮನವಿಯಾದಾಗ ಹೈಕೋರ್ಟಿಗೆ ಹೋಗುವುದು ಈ ಕಾಗದವೇ. ಬೆಂಗಳೂರಿನ ಅಠಾರ ಕಚೇರಿಯ ಕೆಂಪು ಕಟ್ಟಡವಿರಲಿ, ಧಾರವಾಡ, ಕಲಬುರಗಿಯ ಪೀಠಗಳಿರಲಿ, ಅಲ್ಲಿ ಸಾಮಾನ್ಯವಾಗಿ ಸಾಕ್ಷಿಗಳನ್ನು ಮತ್ತೆ ಕಟಕಟೆ ಹತ್ತಿಸುವುದಿಲ್ಲ. ‘ಅಲ್ಲಿ ಎಲ್ಲವನ್ನೂ ಮೊದಲಿನಿಂದ ಹೇಳಿಕೊಳ್ಳುತ್ತೇನೆ’ ಎಂದು ಹೊರಡುವ ಕಕ್ಷಿದಾರರಿಗೆ ಇದು ಮೊದಲ ನಿರಾಸೆ. ವಿಚಾರಣಾ ನ್ಯಾಯಾಲಯದಲ್ಲಿ ಹಾಜರುಪಡಿಸದ ಪತ್ರವನ್ನು ಮೇಲೆ ಹಾಜರುಪಡಿಸಬೇಕಾದರೆ ಅದು ಆಗ ಏಕೆ ಸಿಗಲಿಲ್ಲ ಎಂಬುದಕ್ಕೆ ಗಟ್ಟಿ ಕಾರಣ ಕೊಡಬೇಕು. ಕೆಳಗೆ ಯಾವುದೋ ವಿಧಿವಿಧಾನ ತಪ್ಪಿತು ಎಂದಷ್ಟೇ ತೋರಿಸಿದರೂ ಸಾಲದು. ಅದರಿಂದ ನ್ಯಾಯಕ್ಕೇ ಧಕ್ಕೆಯಾಗಿದ್ದರೆ ಮಾತ್ರ ತೀರ್ಪು ಬೀಳುತ್ತದೆ.

ಕಡತವನ್ನು ಎಷ್ಟು ಆಳವಾಗಿ ಕೆದಕಬಹುದು ಎಂಬುದು ಮೇಲ್ಮನವಿಯ ಬಗೆಯ ಮೇಲೆ ನಿಂತಿದೆ. ಸಿವಿಲ್ ದಾವೆಯ ಮೊದಲ ಮೇಲ್ಮನವಿಯಲ್ಲಿ ಸಂಗತಿ, ಕಾನೂನು ಎರಡನ್ನೂ ತೂಗಬಹುದು. ಎರಡನೆಯ ಮೇಲ್ಮನವಿಗೆ 1976ರ ತಿದ್ದುಪಡಿಯ ನಂತರ ಮಹತ್ವದ ಕಾನೂನು ಪ್ರಶ್ನೆಯೊಂದು ಇರಲೇಬೇಕು. ಬದು ಎಲ್ಲಿತ್ತು ಎಂದು ಕೆಳಗಿನ ಎರಡು ನ್ಯಾಯಾಲಯಗಳು ಒಂದೇ ಮಾತು ಹೇಳಿದ್ದರೆ ಹೈಕೋರ್ಟ್ ಸಾಮಾನ್ಯವಾಗಿ ಮತ್ತೆ ಸರಪಳಿ ಹಿಡಿದು ಅಳೆಯಲು ಹೋಗುವುದಿಲ್ಲ. ಕ್ರಿಮಿನಲ್ ಶಿಕ್ಷೆಯಾಗಿದ್ದರೆ ಇಡೀ ಸಾಕ್ಷ್ಯವನ್ನು ಹೊಸದಾಗಿ ಓದಬೇಕು. ಸೆಷನ್ಸ್ ನ್ಯಾಯಾಲಯದ ಮರಣದಂಡನೆಯಂತೂ ಹೈಕೋರ್ಟ್ ದೃಢೀಕರಿಸದೆ ಜಾರಿಯಾಗುವಂತೆಯೇ ಇಲ್ಲ.

ಕಗ್ಗಂಟಾಗುವುದು ಖುಲಾಸೆಯ ವಿರುದ್ಧ ಸರ್ಕಾರ ಹೋದಾಗ. ಸಾಕ್ಷ್ಯವನ್ನೆಲ್ಲ ಮರುತೂಗುವ ಪೂರ್ಣ ಅಧಿಕಾರ ಹೈಕೋರ್ಟಿಗೆ ಇದೆ ಎಂದು ಬ್ರಿಟಿಷರ ಕಾಲದಲ್ಲಿ ಭಾರತದ ಪ್ರಕರಣಗಳಿಗೆ ಕೊನೆಯ ಮೇಲ್ಮನವಿ ಪೀಠವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ 1934ರಲ್ಲೇ ಹೇಳಿತು. ಆದರೂ ಕೈಹಾಕುವ ಮುನ್ನ ನಿಧಾನಿಸಬೇಕು ಎಂದಿತು. ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು, ಕೆಳಗಿನ ನ್ಯಾಯಾಧೀಶರು ಸಾಕ್ಷಿಗಳನ್ನು ಕಣ್ಣಾರೆ ಕಂಡಿದ್ದಾರೆ ಎಂಬುದು.

ಕಂಡರೆ ಸುಳ್ಳು ತಿಳಿಯುತ್ತದೆಯೇ? 2006ರಲ್ಲಿ ಮನೋವಿಜ್ಞಾನಿಗಳಾದ ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪೌಲೊ ಅಲ್ಲಿಯವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟುಹಾಕಿ ಲೆಕ್ಕ ಹಾಕಿದರು. ಸುಳ್ಳು–ನಿಜ ಬೇರ್ಪಡಿಸಲು ಹೊರಟ 24,000ಕ್ಕೂ ಹೆಚ್ಚು ಜನರ ಸರಾಸರಿ ನಿಖರತೆ ಶೇ 54. ನಾಣ್ಯ ಚಿಮ್ಮಿದರೂ ಶೇ 50 ಸಿಗುತ್ತದೆ! ಇನ್ನೂ ಸ್ವಾರಸ್ಯದ ಸಂಗತಿ, ಬರೀ ಮುಖ ನೋಡಿದವರಿಗಿಂತ ಮಾತು ಕೇಳಿಸಿಕೊಂಡವರೇ ಸುಳ್ಳನ್ನು ಚೆನ್ನಾಗಿ ಹಿಡಿದಿದ್ದರು. ಪ್ರಯೋಗಾಲಯದ ಸುಳ್ಳಿಗೂ ಕಟಕಟೆಯ ಸುಳ್ಳಿಗೂ ಅಂತರವಿದೆ, ಒಪ್ಪೋಣ. ಆದರೆ ‘ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಲಿಲ್ಲ’ ಎಂಬುದು ಸುಳ್ಳಿನ ಗುರುತೆಂಬ ನಂಬಿಕೆಯನ್ನಂತೂ ನಮ್ಮ ಊರುಗಳಲ್ಲಿ ಬಹಳ ಎಚ್ಚರದಿಂದ ಬಳಸಬೇಕು. ದೊಡ್ಡವರ ಮುಂದೆ ತಲೆ ತಗ್ಗಿಸಿ ನಿಲ್ಲುವುದನ್ನು ಮರ್ಯಾದೆ ಎಂದೇ ಕಲಿತ ಕೂಲಿಯಾಳು ನ್ಯಾಯಾಧೀಶರ ಮುಂದೆ ನೆಲ ನೋಡುತ್ತಾನೆ.

ವಿಚಾರಣಾ ನ್ಯಾಯಾಧೀಶರಿಗೆ ನಿಜಕ್ಕೂ ಇರುವ ಅನುಕೂಲ ಬೇರೆ ಎಂದು ನನಗೆ ಅನಿಸುತ್ತದೆ. ಅನುಮಾನ ಬಂದ ಕ್ಷಣ ಅವರೇ ಪ್ರಶ್ನೆ ಕೇಳಬಹುದು. ‘ಬೀದಿ ದೀಪ ಎಷ್ಟು ದೂರದಲ್ಲಿತ್ತು?’ ಎಂದು ಕೇಳಿ ಉತ್ತರ ಬರೆಸಬಹುದು. ಹೈಕೋರ್ಟಿನಲ್ಲಿ ಹಾಳೆಯನ್ನು ಎಷ್ಟು ಬಾರಿ ಓದಿದರೂ ಕೇಳದೆ ಬಿಟ್ಟ ಪ್ರಶ್ನೆಗೆ ಅದರಲ್ಲಿ ಉತ್ತರವಿರುವುದಿಲ್ಲ.

ಅದೂ ಸದಾ ಸಿಗುವ ಅನುಕೂಲವಲ್ಲ. ವಿಚಾರಣೆ ನಡುವೆ ನ್ಯಾಯಾಧೀಶರಿಗೆ ವರ್ಗವಾದರೆ, ಹಿಂದಿನವರು ದಾಖಲಿಸಿದ ಸಾಕ್ಷ್ಯದ ಮೇಲೆಯೇ ಹೊಸಬರು ತೀರ್ಪು ಬರೆಯಲು ಕಾನೂನು ಅವಕಾಶ ಕೊಟ್ಟಿದೆ. ಸಿವಿಲ್ ದಾವೆಗಳಲ್ಲಿ 2002ರಿಂದ ಮುಖ್ಯ ವಿಚಾರಣೆ, ಅಂದರೆ ಸಾಕ್ಷಿಯನ್ನು ಕರೆಸಿದ ಪಕ್ಷದವರೇ ಅವನಿಂದ ಹೇಳಿಸುವ ಮೊದಲ ಹೇಳಿಕೆ, ಪ್ರಮಾಣಪತ್ರದ (ಅಫಿಡವಿಟ್) ಮೂಲಕವೇ ಆಗುತ್ತದೆ. ಪಾಟೀಸವಾಲನ್ನು ನ್ಯಾಯಾಧೀಶರ ಬದಲು ನ್ಯಾಯಾಲಯ ನೇಮಿಸಿದ ಕೋರ್ಟ್ ಕಮಿಷನರ್ ದಾಖಲಿಸಲೂಬಹುದು. ಆಗ ಕೆಳಗಿನವರು ಓದಿದ್ದೂ ಮೇಲಿನವರು ಓದುವುದೂ ಅದೇ ಹಾಳೆ.

2007ರಲ್ಲಿ ಕರ್ನಾಟಕದ್ದೇ ಒಂದು ಪ್ರಕರಣ ಸುಪ್ರೀಂ ಕೋರ್ಟ್ ತಲುಪಿತ್ತು. ವಿಚಾರಣಾ ನ್ಯಾಯಾಲಯ ಖುಲಾಸೆ ಮಾಡಿದ್ದವರನ್ನು ಹೈಕೋರ್ಟ್ ದೋಷಿಗಳೆಂದಿತ್ತು. ಸುಪ್ರೀಂ ಕೋರ್ಟ್ ಹೈಕೋರ್ಟಿನ ತೀರ್ಪನ್ನು ತಳ್ಳಿಹಾಕಿ, ಖುಲಾಸೆಯ ವಿರುದ್ಧದ ಮೇಲ್ಮನವಿಗೆ ಐದು ಸೂತ್ರಗಳನ್ನು ಬರೆಯಿತು. ನಿರಪರಾಧಿ ಎಂಬ ಪೂರ್ವಭಾವನೆ ಖುಲಾಸೆಯಿಂದ ಇಮ್ಮಡಿಯಾಗುತ್ತದೆ, ಎರಡು ಸಮಂಜಸ ಅಭಿಪ್ರಾಯಗಳು ಸಾಧ್ಯವಿದ್ದರೆ ಖುಲಾಸೆಯನ್ನು ಕದಲಿಸಬಾರದು ಎಂಬುವು ಅವುಗಳಲ್ಲಿವೆ. ಆ ಐದರಲ್ಲಿ ಸಾಕ್ಷಿಯನ್ನು ಯಾರು ಕಣ್ಣಾರೆ ಕಂಡರು ಎಂಬ ಮಾತೇ ಇಲ್ಲ.